ವಜೀರ, ಠಕ್ಕ, ಮಾವುತನ ಮಗ: ಹಳೆಯ ಸಾಹಸ ಚಿತ್ರಗಳ ಖಳರು ಮತ್ತು ನಮ್ಮ ಸೀಮೆ



ನಮ್ಮ ಭಾಗದಲ್ಲಿ ದತ್ತಿ ಉಪನ್ಯಾಸವೆಂದರೆ ವಚನ, ತತ್ವಪದ, ಇಲ್ಲವೇ ಏಕೀಕರಣದ ಇತಿಹಾಸವನ್ನು ಜನ ನಿರೀಕ್ಷಿಸುತ್ತಾರೆ. ನಾನು ಸಿನಿಮಾದ ಬಗ್ಗೆ, ಅದರಲ್ಲೂ ಹಳೆಯ ಇಂಗ್ಲಿಷ್ ಸಾಹಸ ಚಿತ್ರಗಳ ಖಳನಾಯಕರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಕೊಂಚ ಹೊತ್ತು ಸುಮ್ಮನಿದ್ದು, ಆಮೇಲೆ ಒಪ್ಪಿದರು. ಅವರಿಗೆ ನಾನು ಋಣಿ. ಈ ವಿಷಯ ಲಂಡನ್ನಿಗೋ ಅಮೆರಿಕಕ್ಕೋ ಸೇರಿದ್ದು, ಬೀದರಿಗೆ ಇದರಿಂದೇನು ಎಂದು ಅನಿಸಬಹುದು. ಆದರೆ ಆ ಖಳರ ಪೋಷಾಕಿಗೆ ಬಟ್ಟೆ ಹೋದದ್ದು ನಮ್ಮ ಸೀಮೆಯಿಂದಲೂ ಹೌದು. ಅದನ್ನೇ ಇವತ್ತು ತೋರಿಸಬೇಕೆಂದಿದ್ದೇನೆ.

ನಾನು ಹೇಳುವ ಖಳ ಬರೀ ಗೂಂಡಾ ಅಲ್ಲ. ಪೇಪರಿನವರು ಈಗ ಮಾಸ್ಟರ್‌ಮೈಂಡ್ ಎಂದು ಬರೆಯುತ್ತಾರಲ್ಲ, ಅಂಥವನು. ಎಲ್ಲೋ ಕತ್ತಲಲ್ಲಿ ಕೂತು ಸಂಚು ಹೂಡುತ್ತಾನೆ. ಪೇಟ ಇರುತ್ತದೆ, ಗಡ್ಡ ಇರುತ್ತದೆ, ಉದ್ದನೆಯ ಉಗುರು ಇರುತ್ತದೆ. ಅವನಿಗೆ ಬುದ್ಧಿಯನ್ನು ಧಾರಾಳವಾಗಿ ಕೊಟ್ಟಿರುತ್ತಾರೆ, ಕಾರಣವನ್ನು ಕೊಟ್ಟಿರುವುದಿಲ್ಲ. ಯಾಕಪ್ಪಾ ಹೀಗೆ ಮಾಡುತ್ತೀ ಎಂದು ಚಿತ್ರ ಮುಗಿಯುವ ತನಕ ಯಾರೂ ಅವನನ್ನು ಕೇಳುವುದಿಲ್ಲ. ಅವನು ಹುಟ್ಟಿದ ಜನ, ಹುಟ್ಟಿದ ದೇಶ, ಅದೇ ಕಾರಣವೆಂದು ನಾವು ತಿಳಿದುಕೊಳ್ಳಬೇಕು. ನನ್ನ ಮಾತೆಲ್ಲ ಈ ಒಂದು ಕೊರತೆಯ ಸುತ್ತ ಇದೆ. ಮೊದಲು ವಜೀರನನ್ನು, ಆಮೇಲೆ ಠಕ್ಕನನ್ನು, ಆಮೇಲೆ ಮೈಸೂರಿನ ಒಬ್ಬ ಮಾವುತನ ಮಗನನ್ನು ನೋಡೋಣ. ಕೊನೆಗೆ ನಮ್ಮ ಮನೆಯ ಬಾಗಿಲಿಗೇ ಬರೋಣ.

ವಜೀರನಿಂದ ಶುರು ಮಾಡುತ್ತೇನೆ. 1940ರಲ್ಲಿ ಬಂದ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದ ಖಳನ ಹೆಸರು ಜಾಫರ್. ಅವನು ಬಾಗ್ದಾದಿನ ವಜೀರ, ಮಾಟಗಾರ, ದೊರೆಯನ್ನೇ ಕುರುಡನನ್ನಾಗಿ ಮಾಡುವವನು. 1992ರ 'ಅಲಾದಿನ್' ಕಾರ್ಟೂನ್ ಚಿತ್ರದ ಜಾಫರನೂ ಇವನ ವಂಶದವನೇ. ಅದನ್ನು ನಮ್ಮ ಮಕ್ಕಳು ಇಂದಿಗೂ ಟಿವಿಯಲ್ಲಿ ನೋಡುತ್ತಾರೆ. ನಿಜವಾದ ಜಾಫರ್ ಬರ್ಮಕಿ ಖಲೀಫ ಹಾರೂನ್ ಅಲ್ ರಶೀದನ ವಿದ್ಯಾವಂತ ಮಂತ್ರಿ. ಅವನ ಮನೆತನ ಗ್ರಂಥಗಳ ಅನುವಾದಕ್ಕೆ ಆಶ್ರಯ ಕೊಟ್ಟಿತ್ತು. 803ರಲ್ಲಿ ಖಲೀಫನೇ ಅವನನ್ನು ಕೊಲ್ಲಿಸಿದ. ಕೊಲೆಯಾದವನನ್ನು ಸಿನಿಮಾ ಕೊಲೆಗಾರನನ್ನಾಗಿ ಮಾಡಿತು.

ಈ ಕಥೆ ಕೇಳುವಾಗ ಬೀದರಿನವರಿಗೆ ಇನ್ನೊಬ್ಬ ವಜೀರ ನೆನಪಾಗದೆ ಇರಲು ಸಾಧ್ಯವಿಲ್ಲ. ಮಹಮೂದ್ ಗವಾನ್ ಇರಾನಿನ ಗಿಲಾನ್ ಸೀಮೆಯವನು. ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಅದರ ಗೋಡೆಯ ನೀಲಿ ಹಂಚುಗಳನ್ನು ನೀವೆಲ್ಲ ಸಂತೆಗೆ ಹೋಗಿಬರುವಾಗ ನೋಡಿದ್ದೀರಿ. ಆಗಿನ ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಇಲ್ಲೇ ಬೇರುಬಿಟ್ಟ ದಖನಿಗಳು ಒಂದು ಕಡೆ, ಇರಾನ್, ತುರಾನ್, ಅರಬಸ್ತಾನಗಳಿಂದ ಬಂದ ಅಫಾಕಿಗಳು ಇನ್ನೊಂದು ಕಡೆ. ಆಫ್ರಿಕದಿಂದ ಬಂದ ಹಬ್ಶಿಗಳು ದಖನಿಗಳ ಜೊತೆಗಿದ್ದರು. ಅವರ ಸರದಾರರ ಗೋರಿಗಳಿರುವ ಗುಡ್ಡವನ್ನು ನಾವು ಇವತ್ತಿಗೂ ಹಬ್ಶಿ ಕೋಟ್ ಎನ್ನುತ್ತೇವೆ. ಗವಾನ್ ಎಷ್ಟೇ ಸಮತೂಕದಿಂದ ಹುದ್ದೆಗಳನ್ನು ಹಂಚಿದರೂ ವಿರೋಧಿಗಳ ಕಣ್ಣಿಗೆ ಅವನು ಪರದೇಸಿಯಾಗಿಯೇ ಉಳಿದ.

ಮುಂದಿನದನ್ನು ಬಿಜಾಪುರದಲ್ಲಿ ಕೂತು ಚರಿತ್ರೆ ಬರೆದ ಫಿರಿಶ್ತಾ ಹೇಳುತ್ತಾನೆ. ಮೊಹರು ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಗವಾನನ ಮೊಹರು ಒತ್ತಿಸಿಕೊಂಡರು. ಅದರಲ್ಲಿ ಒರಿಸ್ಸಾದ ದೊರೆಗೆ ಬರೆದಂತೆ ದ್ರೋಹದ ಪತ್ರವೊಂದನ್ನು ಹುಟ್ಟಿಸಿದರು. ಪತ್ರ ಮೂರನೆಯ ಮುಹಮ್ಮದ್ ಷಾನ ಕೈ ಸೇರಿತು. ಗವಾನ್ ಹೇಳಿದ್ದು ಇಷ್ಟೇ: ಮೊಹರು ನನ್ನದು, ಪತ್ರ ನನ್ನದಲ್ಲ. ಆ ಮಾತನ್ನು ವಿಚಾರಿಸುವ ತಾಳ್ಮೆ ಕುಡಿದಿದ್ದ ಸುಲ್ತಾನನಿಗೆ ಇರಲಿಲ್ಲ. 1481ರ ಏಪ್ರಿಲ್‌ನಲ್ಲಿ ಗವಾನನ ತಲೆ ಹೋಯಿತು. ಒಂದು ವರ್ಷದೊಳಗೆ ಸುಲ್ತಾನನೂ ಪಶ್ಚಾತ್ತಾಪದಲ್ಲಿ ತೀರಿಕೊಂಡ. ಬಹಮನಿ ರಾಜ್ಯ ಆಮೇಲೆ ಚೇತರಿಸಿಕೊಳ್ಳಲಿಲ್ಲ.

ಸಿನಿಮಾ ಹುಟ್ಟುವುದಕ್ಕೆ ನಾನೂರು ವರ್ಷ ಮೊದಲೇ ಸಂಚುಗಾರ ವಜೀರನ ಪಾತ್ರವನ್ನು ಹೀಗೆ ಒಬ್ಬ ಜೀವಂತ ಮನುಷ್ಯನಿಗೆ ಹೊಲಿದು ತೊಡಿಸಿದ್ದರು. ಹೊಲಿದವರು ಯುರೋಪಿನವರಲ್ಲ. ಜಹಾಂಗೀರ ಬಾದಷಹನ ಚಿತ್ರಶಾಲೆಯಲ್ಲಿ ಸುಮಾರು 1616ರಲ್ಲಿ ಬರೆದ ಒಂದು ಚಿತ್ರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಬಾದಷಹ ಭೂಗೋಳದ ಮೇಲೆ ನಿಂತು ಮಲಿಕ್ ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿದ್ದಾನೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನಿನ ಸೇನಾನಿಯಾಗಿ ಮೊಘಲರನ್ನು ತಡೆದು ನಿಲ್ಲಿಸಿದವನು ಅಂಬರ್. ಬಾದಷಹ ತನ್ನ ಆತ್ಮಕಥೆಯಲ್ಲಿ ಅವನನ್ನು ಬೈದಿರುವುದು ಬಣ್ಣ ಹಿಡಿದೇ. ನಿಜದಲ್ಲಿ ಆ ತಲೆ ಯಾರ ಕೈಗೂ ಸಿಗಲಿಲ್ಲ. ಅಂಬರ್ 1626ರಲ್ಲಿ ಮುಪ್ಪಿನಿಂದ ಸತ್ತ. ಗೆಲ್ಲಲಾಗದವನನ್ನು ಬಣ್ಣ ಹಚ್ಚಿ ಚಿತ್ರದಲ್ಲಿ ಕೊಲ್ಲುವ ಪದ್ಧತಿ ಹಳೆಯದು.

ಇನ್ನು ಎರಡನೆಯವನಾದ ಠಕ್ಕನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಠಕ್ಕ ಎಂಬ ಮಾತು ಕನ್ನಡದಲ್ಲಿ ಮೊದಲಿನಿಂದ ಇದೆ. ಮೋಸಗಾರ ಎಂಬುದಷ್ಟೇ ಅದರ ಅರ್ಥ. ದಾರಿಯಲ್ಲಿ ಪ್ರಯಾಣಿಕರ ಜೊತೆ ಸ್ನೇಹ ಬೆಳೆಸಿ, ಕುತ್ತಿಗೆಗೆ ಉರುಲು ಹಾಕಿ ದೋಚುವವರಿಗೆ ಕನ್ನಡದವರು ಇಟ್ಟಿದ್ದ ಹೆಸರು ಬೇರೆ: ತಂತಿ ಕಳ್ಳರು. ಮದ್ರಾಸಿನಲ್ಲಿದ್ದ ಶೆರ್ವುಡ್ ಎಂಬ ವೈದ್ಯ 1816ರಲ್ಲಿ ಈ ಹೆಸರನ್ನು ಬರೆದಿಟ್ಟಿದ್ದಾನೆ. ಈ ಹೆಸರಿನಲ್ಲಿ ಜಾತಿಯಿಲ್ಲ, ಧರ್ಮವಿಲ್ಲ. ಕೈಯಲ್ಲಿ ಏನು ಹಿಡಿದಿದ್ದಾರೆ, ಏನು ಮಾಡುತ್ತಾರೆ ಎಂಬುದಿದೆ. ಕಳ್ಳನನ್ನು ಅವನ ಕೆಲಸದಿಂದ ಕರೆದ ನಮ್ಮ ಹಿರಿಯರ ಈ ನ್ಯಾಯಬುದ್ಧಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕಂಪನಿ ಸರಕಾರಕ್ಕೆ ಅದು ಸಾಲಲಿಲ್ಲ. ವಿಲಿಯಂ ಸ್ಲೀಮನ್ ಮತ್ತು ಅವನ ಅಧಿಕಾರಿಗಳು ಮಾಫಿ ಸಾಕ್ಷಿಗಳನ್ನು ಹಿಡಿದು ದೇಶದುದ್ದಕ್ಕೂ ಹಬ್ಬಿದ, ಕಾಳಿಯ ಹೆಸರಿನಲ್ಲಿ ಕೊಲ್ಲುವ ಒಂದೇ ಗುಪ್ತ ಪಂಥದ ಚಿತ್ರ ಬರೆದರು. ದಾರಿಗಳಲ್ಲಿ ಕೊಲೆಗಳು ನಡೆದದ್ದು ಸುಳ್ಳಲ್ಲ, ಸತ್ತವರ ನೋವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಸೈನ್ಯದ ಕೆಲಸ ಹೋದವರು, ಹೊಲ ಕಳೆದುಕೊಂಡವರು, ಜಮೀನ್ದಾರರ ಬಾಡಿಗೆ ಬಂಟರು, ಇವರೆಲ್ಲರನ್ನೂ ಒಂದೇ ಪಂಥಕ್ಕೆ ಸೇರಿಸಿದ್ದು ಕಚೇರಿಯ ಕಡತ ಎಂದು ಈಚಿನ ಹಲವು ಇತಿಹಾಸಕಾರರು ತೋರಿಸಿದ್ದಾರೆ. 1836ರ ಕಾಯಿದೆ ಇನ್ನೂ ಮುಂದೆ ಹೋಯಿತು. ಇಂಥವನು ಇಂಥ ಕೊಲೆ ಮಾಡಿದನೆಂದು ಸಾಬೀತಾಗುವುದು ಬೇಕಿರಲಿಲ್ಲ, ಠಕ್ಕರ ಗುಂಪಿಗೆ ಸೇರಿದ್ದನೆಂದರೆ ಜೀವಾವಧಿ ಶಿಕ್ಷೆ. 1871ರಲ್ಲಿ ಅದೇ ಬುದ್ಧಿ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಾಗಿ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆಯಿತು. ಹುಬ್ಬಳ್ಳಿಯಲ್ಲಿ, ಸೊಲ್ಲಾಪುರದಲ್ಲಿ ಸೆಟ್ಲ್‌ಮೆಂಟ್‌ಗಳು ಎದ್ದವು. ಹೊತ್ತುಹೊತ್ತಿಗೆ ಹಾಜರಿ ಹೇಳಿ ಬದುಕಿದ ಆ ಜನ ಬಿಡುಗಡೆ ಕಂಡದ್ದು 1952ರಲ್ಲಿ. ಅಲೆಮಾರಿ ಮನೆತನಗಳಿಂದ ಬಂದವರು ಈ ಸಭೆಯಲ್ಲಿಯೂ ಇದ್ದೀರಿ. ಪೊಲೀಸ್ ಠಾಣೆಯಲ್ಲಿ ಹೆಸರು ಕೇಳಿದ ಕೂಡಲೇ ನೋಟ ಬದಲಾಗುವುದು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿಗೆ ನಮ್ಮ ಸೀಮೆಗೆ ಬಹಳ ಹತ್ತಿರದವನೊಬ್ಬ ಬರುತ್ತಾನೆ, ಫಿಲಿಪ್ ಮೆಡೋಸ್ ಟೇಲರ್. ಹುಡುಗನಾಗಿದ್ದಾಗ 1824ರಲ್ಲಿ ಬೊಂಬಾಯಿಗೆ ಬಂದು ನಿಜಾಮನ ನೌಕರಿ ಸೇರಿದ. 1841ರಿಂದ ಸುರಪುರದಲ್ಲಿದ್ದು ಬಾಲಕ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಂಡ. ಅವನ ಬಂಗಲೆ ಟೇಲರ್ ಮಂಜಿಲ್ ಅಲ್ಲಿ ಇನ್ನೂ ಇದೆ. ಸುರಪುರಕ್ಕೆ ಹೋಗುವ ಮೊದಲೇ, 1839ರಲ್ಲಿ, ಅವನು 'ಕನ್ಫೆಷನ್ಸ್ ಆಫ್ ಎ ಠಗ್' ಎಂಬ ಕಾದಂಬರಿ ಪ್ರಕಟಿಸಿದ. ನಿಜಾಮನ ರಾಜ್ಯದಲ್ಲಿ ತಾನು ಕಂಡ ಕೇಳಿದ ತಪ್ಪೊಪ್ಪಿಗೆಗಳೇ ಅದರ ಮೂಲ. ಲಂಡನ್ನಿನಲ್ಲಿ ಅದು ಮನೆಮಾತಾಯಿತು. ಠಗ್ಗನೆಂಬ ಖಳನನ್ನು ಇಂಗ್ಲಿಷ್ ಓದುಗರ ಮನೆಯೊಳಗೆ ಕೂಡಿಸಿದ ಪುಸ್ತಕ ಅದು.

ಆದರೆ ಟೇಲರನಿಗೆ ಅನ್ಯಾಯ ಮಾಡಬಾರದು. ಆ ಕಾದಂಬರಿಯ ಅಮೀರ್ ಅಲಿ 719 ಕೊಲೆ ಮಾಡಿದೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುವವನು, ನಿಜ. ಅವನು ಹುಟ್ಟಿನಿಂದ ಠಗ್ಗನಲ್ಲ ಎಂಬುದೂ ನಿಜ. ಮಗುವಾಗಿದ್ದಾಗ ಅವನ ತಂದೆತಾಯಿಯನ್ನು ಠಗ್ಗರೇ ಕೊಂದಿರುತ್ತಾರೆ, ಕೊಂದವನೇ ಅವನನ್ನು ಮಗನೆಂದು ಸಾಕಿರುತ್ತಾನೆ. ದೊಡ್ಡವನಾದ ಮೇಲೆ ತನ್ನ ಒಡಹುಟ್ಟಿದ ತಂಗಿಯನ್ನೇ ಗುರುತಿಲ್ಲದೆ ಕೊಲ್ಲುತ್ತಾನೆ. ಮನುಷ್ಯ ಹೇಗೆ ಖಳನಾಗುತ್ತಾನೆ ಎಂಬುದನ್ನು ಟೇಲರ್ ನೂರಾರು ಪುಟಗಳಲ್ಲಿ ಅವನ ಬಾಯಿಂದಲೇ ಹೇಳಿಸಿದ್ದಾನೆ. ಕಂಪನಿಯ ಕಾಲದ ಒಬ್ಬ ಅಧಿಕಾರಿ ಕೊಟ್ಟ ಈ ಮಾತಿನ ಅವಕಾಶವನ್ನು ಆಮೇಲೆ ಬಂದ ಸಿನಿಮಾ ಕಿತ್ತುಕೊಂಡಿತು.

1939ರ 'ಗಂಗಾ ದಿನ್' ಚಿತ್ರ ತೆಗೆದದ್ದು ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ. ಠಗ್ಗರ ಗುರುವಾಗಿ ನಟಿಸಿದವನು ಇಟಲಿಯಲ್ಲಿ ಹುಟ್ಟಿದ ಎಡ್ವಾರ್ಡೊ ಚಿಯನೆಲ್ಲಿ. ಆ ಚಿತ್ರದಲ್ಲಿ ಒಂದು ಗಳಿಗೆ ಇದೆ. ಸೆರೆ ಸಿಕ್ಕ ಗುರು ತನಗೂ ಯುದ್ಧವಿದ್ಯೆ ಗೊತ್ತು, ತನಗೂ ಒಂದು ದೇಶವಿದೆ, ಅದಕ್ಕಾಗಿ ಸಾಯಬಲ್ಲೆ ಎಂದು ಹೇಳುತ್ತಾನೆ. ತನ್ನ ಜನ ತನಗಾಗಿ ಹಿಂಜರಿಯಬಾರದೆಂದು ಹಾವಿನ ಗುಂಡಿಗೆ ತಾನೇ ಹಾರುತ್ತಾನೆ. ನಾನು ಈ ದೃಶ್ಯವನ್ನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ಚಿತ್ರ ತನ್ನ ಕೈತಪ್ಪಿ ಸತ್ಯ ಹೇಳಿತು ಅನಿಸುತ್ತದೆ. ಮರುಗಳಿಗೆಗೆ ಅದನ್ನು ಮರೆತು ಮತ್ತೆ ತುಪಾಕಿಯ ಸದ್ದಿಗೆ ಹೋಗುತ್ತದೆ. ಬಂಗಾಳ, ಬೊಂಬಾಯಿ ಪ್ರಾಂತಗಳಲ್ಲಿ ಈ ಚಿತ್ರಕ್ಕೆ ಆಗ ನಿಷೇಧ ಬಿತ್ತು.

ಸ್ವಾತಂತ್ರ್ಯ ಬಂದು 37 ವರ್ಷಗಳಾದ ಮೇಲೆ ಅದೇ ಗುರು 'ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್' ಚಿತ್ರದಲ್ಲಿ ಎದ್ದು ಬಂದ. ನಮ್ಮ ಸರಕಾರ ಚಿತ್ರಕಥೆಗೆ ಆಕ್ಷೇಪಿಸಿದ್ದರಿಂದ ಅವರು ಶ್ರೀಲಂಕೆಗೆ ಹೋಗಿ ಚಿತ್ರೀಕರಿಸಿದರು. ಉತ್ತರ ಭಾರತದ ಹಳ್ಳಿಯೆಂದು ತೋರಿಸಿದ ಊರಿನವರು ಸಿಂಹಳ ಮಾತಾಡುತ್ತಾರೆ! ಅರಮನೆಯ ಊಟದಲ್ಲಿ ಹಾವಿನ ಮರಿ, ಕೋತಿಯ ಮಿದುಳು ಬಡಿಸುತ್ತಾರೆ. ಕಥೆ ನಡೆಯುವುದು 1935ರಲ್ಲಿ. ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ಐದು ವರ್ಷ ಕಳೆದ ಕಾಲ ಅದು. ಆಕ್ಸ್‌ಫರ್ಡಿನಲ್ಲಿ ಓದಿದ ದಿವಾನನೂ ಒಳಗೊಳಗೆ ಠಗ್ಗನೇ. ಓದಿದರೂ ನಿಮ್ಮ ರಕ್ತ ಬದಲಾಗದು ಎಂದು ಆ ಪಾತ್ರ ಹೇಳುತ್ತದೆ, ನನಗೆ ಎಲ್ಲಕ್ಕಿಂತ ನೋವಾದದ್ದು ಅದರಿಂದ. ಆ ಪಾತ್ರ ಮಾಡಿದ ರೋಷನ್ ಸೇಠ್ ಎರಡು ವರ್ಷ ಹಿಂದೆ 'ಗಾಂಧಿ' ಚಿತ್ರದಲ್ಲಿ ನೆಹರೂ ಆಗಿದ್ದವರು.

ಗುರು ಮೋಲಾ ರಾಮನಾಗಿದ್ದವರು ಅಮರೀಶ್ ಪುರಿ. ತಲೆಬುರುಡೆ, ಕೊಂಬುಗಳ ಕಿರೀಟ ತೊಟ್ಟು ಬದುಕಿರುವವನ ಎದೆಯಿಂದ ಗುಂಡಿಗೆ ಕೀಳುವ ಪಾತ್ರ. ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ಅದನ್ನು ಮೊದಲು ನೋಡಿದಾಗ ನಾವು ಹುಡುಗರೆಲ್ಲ ಬಿಳಿಯ ನಾಯಕನಿಗೆ ಶಿಳ್ಳೆ ಹೊಡೆದೆವು, ಇದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಮೇಲೆ ಗಿರೀಶ್ ಕಾರ್ನಾಡರು 1973ರಲ್ಲಿ ನಿರ್ದೇಶಿಸಿದ 'ಕಾಡು' ನೋಡಿದೆ. ಅದರಲ್ಲಿ ಚಂದ್ರೇಗೌಡನಾಗಿ ಅದೇ ಅಮರೀಶ್ ಪುರಿ! ಆ ಗೌಡನೂ ಒಳ್ಳೆಯವನಲ್ಲ. ಹೆಂಡತಿಯಿರುವಾಗ ಪಕ್ಕದೂರಿನ ಹೆಣ್ಣಿನ ಕಡೆ ಹೋಗುವವನು, ಎರಡು ಊರುಗಳ ಹಗೆಯಲ್ಲಿ ಸಿಕ್ಕವನು. ಆದರೂ ಅವನ ಸಿಟ್ಟಿಗೊಂದು ಊರಿದೆ, ಮನೆಯಿದೆ, ಅವನನ್ನು ಬೆರಗಿನಿಂದ ನೋಡುವ ಒಬ್ಬ ಹುಡುಗನಿದ್ದಾನೆ. ಒಬ್ಬನೇ ನಟ. ಕನ್ನಡ ಅವನಿಗೆ ಬಾಳು ಕೊಟ್ಟಿತು, ಹಾಲಿವುಡ್ ಕೊಂಬು ಕೊಟ್ಟಿತು.

ಮೂರನೆಯದಾಗಿ, ಪರದೆಯ ಈಚೆ ದಂಡೆಯಲ್ಲಿ ನಿಂತವನನ್ನು ನೋಡೋಣ. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು ಮೈಸೂರು ಮಹಾರಾಜರ ಆನೆ ಮಾವುತನೊಬ್ಬನ ಮಗ. ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಡಿನ ಮಗ್ಗುಲಿನ ಹುಡುಗ. ಚಿತ್ರ ತೆಗೆಯಲು ಬಂದ ತಂಡದ ಕಣ್ಣಿಗೆ ಬಿದ್ದು 1937ರ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನಾದ. ಮರುವರ್ಷ ಬಂದ 'ದಿ ಡ್ರಮ್' ಗಡಿನಾಡಿನ ಒಂದು ಸಂಸ್ಥಾನದ ಕಥೆ. ಸಾಬು ಅದರಲ್ಲಿ ಬ್ರಿಟಿಷರ ಗೆಳೆಯನಾದ ಬಾಲರಾಜ ಅಜೀಂ. ಅವನ ಚಿಕ್ಕಪ್ಪ ಘುಲ್ ಸ್ವಂತ ಅಣ್ಣನನ್ನು ಕೊಂದು, ಔತಣಕ್ಕೆ ಕರೆದ ಬ್ರಿಟಿಷ್ ಸೈನಿಕರನ್ನು ಮುಗಿಸಲು ಸಂಚು ಹೂಡುವವನು. ಒಳ್ಳೆಯ ಹುಡುಗನ ಪಾತ್ರಕ್ಕೆ ನಮ್ಮವನು ಬೇಕಾಯಿತು. ಮಹಾಸಂಚುಗಾರನ ಪಾತ್ರಕ್ಕೆ ಟೊರಾಂಟೋದಲ್ಲಿ ಹುಟ್ಟಿದ ರೇಮಂಡ್ ಮ್ಯಾಸಿಯ ಮುಖಕ್ಕೆ ಕಂದು ಬಣ್ಣ ಬಳಿದರು. 1938ರಲ್ಲಿ ಬೊಂಬಾಯಿಯ ಜನ ಬೀದಿಗಿಳಿದು ಪ್ರತಿಭಟಿಸಿ ಈ ಚಿತ್ರವನ್ನು ತೆಗೆಸಿದರು.

ನಂಬಿಗಸ್ತ ಬಾಲಕ, ನಯವಂಚಕ ಚಿಕ್ಕಪ್ಪ: ನಮ್ಮವರಿಗೆ ಆ ಸಿನಿಮಾ ಇಟ್ಟಿದ್ದು ಈ ಎರಡೇ ಕುರ್ಚಿ. ಬೆಳೆದ, ವಿಚಾರ ಮಾಡುವ, ಬೇಡವೆಂದರೆ ಬೇಡವೆನ್ನುವ ಮನುಷ್ಯನಿಗೆ ಕೂರಲು ಜಾಗವಿಲ್ಲ. ಸಾಬು ಬೆಳೆದ ಮೇಲೆ ಆಗಿದ್ದೂ ಇದೇ. ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಗನ್ನರ್ ಆಗಿ ಕೂತು ಹಾರಾಡಿ ಶೌರ್ಯಪದಕ ಗಳಿಸಿದ. ನಮ್ಮ ನೆತ್ತಿಯ ಮೇಲೆ ದಿನವೂ ತರಬೇತಿ ವಿಮಾನ ಹಾರುವ ಈ ಊರಿನವರಿಗೆ ಆ ಕೆಲಸದ ಎದೆಗಾರಿಕೆ ಅರ್ಥವಾಗುತ್ತದೆ. ಹಿಂದಿರುಗಿದ ಮೇಲೂ ಅವನಿಗೆ ಸಿಕ್ಕದ್ದು ಹೆಚ್ಚಾಗಿ ಕಾಡಿನ ಹುಡುಗನ ಪಾತ್ರಗಳೇ. 1963ರಲ್ಲಿ, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ.

ಚೀನಾದ ಫೂ ಮಂಚುವಿನ ಹೆಸರು ಹೇಳದೆ ಈ ವಿಷಯ ಮುಗಿಯುವುದಿಲ್ಲ, ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಸ್ಯಾಕ್ಸ್ ರೋಮರ್ ಎಂಬ ಕಾದಂಬರಿಕಾರ 1912ರಲ್ಲಿ ಹುಟ್ಟಿಸಿದ ಈ ಡಾಕ್ಟರನೇ ಎಲ್ಲ ಮಾಸ್ಟರ್‌ಮೈಂಡ್‌ಗಳ ಅಜ್ಜ. 1932ರ ಚಿತ್ರದಲ್ಲಿ ಆ ಪಾತ್ರ ಮಾಡಿದವನು ಬೋರಿಸ್ ಕಾರ್ಲಾಫ್, ಆಮೇಲೆ ಕ್ರಿಸ್ಟೋಫರ್ ಲೀ. ಚೀನೀಯನ ಪಾತ್ರ ಮಾಡಲು ಚೀನೀಯರಿಗೇ ಅವಕಾಶವಿರಲಿಲ್ಲ. ಕಾರ್ಲಾಫನ ತಾಯಿಯ ಕಡೆ ಭಾರತದ ರಕ್ತ ಇತ್ತು. ಅವನ ಮೈಬಣ್ಣ ಅವನನ್ನು ಪರದೇಸಿ ಖಳರ ಪಾತ್ರಗಳಿಗೆ ತಳ್ಳಿತು.

ನಾವು ಇದರಿಂದ ಕೈ ತೊಳೆದುಕೊಳ್ಳುವ ಹಾಗಿಲ್ಲ. 1958ರ ಹಿಂದಿ ಚಿತ್ರ 'ಹೌರಾ ಬ್ರಿಜ್'ನಲ್ಲಿ ಜಾನ್ ಚಾಂಗ್ ಎಂಬ ಚೀನೀ ಖಳನಾಗಿ ಕಣ್ಣು ಕಿರಿದು ಮಾಡಿದವರು ಮದನ್ ಪುರಿ, ಅಮರೀಶ್ ಪುರಿಯವರ ಸ್ವಂತ ಅಣ್ಣ. ಅಣ್ಣ ಇಲ್ಲಿ ಚೀನೀಯರ ಮುಖ ಹೊತ್ತರು, ತಮ್ಮ ಅಲ್ಲಿ ನಮ್ಮ ಮುಖ ಹೊತ್ತರು. 1962ರ ಯುದ್ಧ ಬಂದಾಗ ಕಲಕತ್ತಾ, ಅಸ್ಸಾಂ, ಶಿಲ್ಲಾಂಗುಗಳಲ್ಲಿ ತಲೆಮಾರುಗಳಿಂದ ಬಾಳಿದ್ದ ಚೀನೀ ಮೂಲದ ಸಾವಿರಾರು ಜನರನ್ನು ರಾಜಸ್ಥಾನದ ದೇವಲಿಯ ಶಿಬಿರಕ್ಕೆ ತುಂಬಿದೆವು. ಅವರಲ್ಲಿ ಚಪ್ಪಲಿ ಹೊಲಿಯುವವರು, ಹೋಟೆಲು ಇಟ್ಟವರು, ಶಾಲೆಯ ಮಕ್ಕಳು ಇದ್ದರು. ಕನ್ನಡ ಸಿನಿಮಾಗಳಲ್ಲಿಯೂ ಕಾಡಿನ ಜನರೆಂದರೆ ಮೈಗೆ ಮಸಿ, ತಲೆಗೆ ಗರಿ, ಅರ್ಥವಿಲ್ಲದ ಕೂಗು. ಬೀದರ್ ಕಡೆಯ ಮಾತಾಡುವವನು ಬಂದರೆ ನಗಿಸಲು ಬಂದ, ಇಲ್ಲವೇ ಹೊಡೆಯಲು ಬಂದ. ಇದನ್ನು ನೋಡಿ ನಮಗೆ ಸಂಕಟವಾಗುತ್ತದಲ್ಲ, ಆ ಸಂಕಟ ಎಲ್ಲರದೂ ಹೌದು.

ಈಗ ಕೊನೆಯ ಮಾತು. ಇದನ್ನು ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಔರಾದ ಸೀಮೆಯ ಜನರ ಮುಂದೆ ಹೇಳದೆ ಹೋದರೆ ಇಷ್ಟು ಹೊತ್ತು ಆಡಿದ ಮಾತಿಗೆ ಬೆಲೆಯಿಲ್ಲ ಎನಿಸಿತು.

2018ರ ಜುಲೈ ತಿಂಗಳು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಊರಿಂದೂರಿಗೆ ಓಡುತ್ತಿತ್ತು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವು ಗೆಳೆಯರು ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಸಾಕಾಯಿತು. ಫೋನುಗಳು ಓಡಿದವು, ಮುರ್ಕಿ ಎಂಬ ಊರಿನ ಹತ್ತಿರ ರಸ್ತೆಗೆ ಅಡ್ಡ ಹಾಕಿದರು, ಕಾರು ಉರುಳಿತು. ನೂರಾರು ಜನ ಸೇರಿ ಹೊಡೆದರು. ಅಡ್ಡ ಬಂದ ಪೊಲೀಸರಿಗೂ ಪೆಟ್ಟಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಒಬ್ಬ ತರುಣ ಪ್ರಾಣ ಬಿಟ್ಟ.

ಹೊಡೆದವರು ರಾಕ್ಷಸರಲ್ಲ. ಹೊಲ ಗೆಯ್ಯುವವರು, ಮಕ್ಕಳೊಂದಿಗರು. ಅವರನ್ನೂ ಹುಟ್ಟು ಖಳರೆಂದು ಕರೆದರೆ ನಾನು ಇಷ್ಟು ಹೊತ್ತು ಬೇಡವೆಂದ ತಪ್ಪನ್ನೇ ಮಾಡಿದಂತೆ. ಆದರೆ ದಾರಿಯಲ್ಲಿ ನಕ್ಕು ಮಾತಾಡಿಸಿ ಸಿಹಿ ಕೊಡುವ ಅಪರಿಚಿತ, ಅವನ ಹಿಂದೆ ಒಂದು ದೊಡ್ಡ ಗುಪ್ತ ಜಾಲ, ಈ ಕಥೆ ಅವರ ತಲೆಗೆ ಆ ಒಂದು ದಿನ ಬಂದದ್ದಲ್ಲ. ಇದೇ ನಿಜಾಮನ ದಾರಿಗಳಲ್ಲಿ ಅಧಿಕಾರಿಗಳು ಬರೆದುಕೊಂಡ ಕಥೆ ಅದು. ಲಂಡನ್ನಿಗೆ ಹೋಗಿ ಪುಸ್ತಕವಾಗಿ, ಹಾಲಿವುಡ್ಡಿಗೆ ಹೋಗಿ ಸಿನಿಮಾ ಆಗಿ, ನಮ್ಮ ಪರದೆಗಳ ಮೇಲೆ ನೂರು ಸಲ ಮೂಡಿ, ಕೊನೆಗೆ ಅಂಗೈಯ ಫೋನಿಗೆ ಬಂತು. ಗವಾನನಿಗೆ ಒಂದು ವಾಕ್ಯ ಹೇಳುವಷ್ಟು ಹೊತ್ತಾದರೂ ಸಿಕ್ಕಿತ್ತು.

ಅಂದು ಚಾಕಲೇಟು ಈಸಿಕೊಂಡ ಮಕ್ಕಳು ಈಗ ಹೈಸ್ಕೂಲೋ ಕಾಲೇಜೋ ಓದುತ್ತಿರಬೇಕು. ಅವರು ಅದರ ಬಗ್ಗೆ ಯಾರೊಡನೆ ಮಾತಾಡಿದ್ದಾರೋ, ಯಾರಾದರೂ ಕೂರಿಸಿಕೊಂಡು ಕೇಳಿದ್ದಾರೋ. ನಿಮ್ಮಲ್ಲಿ ಯಾರಾದರೂ ಆ ಊರುಗಳಿಂದ ಬಂದಿದ್ದರೆ, ಚಹಾ ಕುಡಿಯುವಾಗ ನನ್ನ ಹತ್ತಿರ ಬನ್ನಿ. ನಾನು ಇಲ್ಲೇ ಇರುತ್ತೇನೆ, ನೀವು ಹೇಳಿ, ನಾನು ಕೇಳುತ್ತೇನೆ.